ಟ್ರಂಕಿನ ನೆಗೆಟಿವ್‌ಗೆ ಯಾವ ಯಂತ್ರ?

ಯಾದಗಿರಿ, ಶಹಾಪುರ, ಸುರಪುರದ ಬಜಾರುಗಳಲ್ಲಿ ಪ್ರಿಂಟರಿಗೆ ಬರವಿಲ್ಲ. ತಹಸೀಲ್ದಾರ್ ಕಚೇರಿಯ ಎದುರು, ಬಸ್ ನಿಲ್ದಾಣದ ಬದಿ, ಜೆರಾಕ್ಸ್ ಅಂಗಡಿ ಇರುವಲ್ಲೆಲ್ಲ ಒಂದು ಇಂಕ್‌ಟ್ಯಾಂಕ್ ಪ್ರಿಂಟರ್ ಕೂತಿರುತ್ತದೆ. ನಿಂತ ಕಾಲಲ್ಲೇ ಎಂಟು ಪಾಸ್‌ಪೋರ್ಟ್ ಫೋಟೊ ತೆಗೆದು, ಕತ್ತರಿಸಿ, ಕವರಿಗೆ ಹಾಕಿ ಕೊಡುತ್ತಾರೆ. ಮದುವೆಯ ಕರಿಜ್ಮಾ ಆಲ್ಬಂ ಬೇಕೆಂದರೆ ಕಲಬುರಗಿಗೋ ಹೈದರಾಬಾದಿಗೋ ಫೈಲು ಹೋಗುತ್ತದೆ, 12×36 ಇಂಚಿನ ಹಾಳೆಗಳು ಬೈಂಡ್ ಆಗಿ ಬಸ್ಸಿನಲ್ಲಿ ವಾಪಸು ಬರುತ್ತವೆ. ಆದರೆ ಅದೇ ಅಂಗಡಿಯ ಮೇಜಿನ ಮೇಲೆ ಅಜ್ಜನ ಕಾಲದ ಒಂದು ನೆಗೆಟಿವ್ ಇಟ್ಟು ನೋಡಿ. ಅಂಗಡಿಯ ಹುಡುಗ ಅದನ್ನು ಟ್ಯೂಬ್‌ಲೈಟಿಗೆ ಹಿಡಿದು, ಅತ್ತಿತ್ತ ತಿರುಗಿಸಿ, "ಇದು ಈಗ ಎಲ್ಲಿ ಆಗ್ತದ್ರಿ?" ಎಂದು ನಿಮ್ಮನ್ನೇ ಕೇಳುತ್ತಾನೆ.

ಆಗಸ್ಟ್ 19ರ ವಿಶ್ವ ಛಾಯಾಗ್ರಹಣ ದಿನಕ್ಕೆ ಸಭೆ ಸೇರುವ ಛಾಯಾಗ್ರಾಹಕರ ಸಂಘಗಳು ನಮ್ಮ ತಾಲ್ಲೂಕುಗಳಿಗೆ ಹೊಸದಲ್ಲ. ಈ ಮೂರು ಊರಿನ ಸ್ಟುಡಿಯೊದವರು, ಬೋನಾಳ ಕೆರೆಯಲ್ಲಿ ನೇರಳೆ ಜಂಬುಕೋಳಿಗಾಗಿ ಬೆಳಗಿನ ಜಾವ ಕಾಯುವ ಮೇಷ್ಟ್ರು, ಮೈಲಾಪುರದ ಸಂಕ್ರಾಂತಿ ಜಾತ್ರೆಗೂ ತಿಂಥಣಿಯ ಮೌನೇಶ್ವರನ ಜಾತ್ರೆಗೂ ಕ್ಯಾಮೆರಾ ಹೆಗಲಿಗೇರಿಸಿ ಹೊರಡುವ ಕಾಲೇಜು ಹುಡುಗರು ಕೂಡಿ ಒಂದು ಕ್ಲಬ್ ಮಾಡಿಕೊಂಡರೆಂದು ಇಟ್ಟುಕೊಳ್ಳಿ. ವಂತಿಗೆ ಎತ್ತಿದ್ದಾಯಿತು. ಎಲ್ಲರಿಗೂ ಉಪಯೋಗವಾಗುವ ಯಂತ್ರ ತರಬೇಕು. ಮೊದಲ ಸಭೆಯಲ್ಲೇ ಮಾತು ಪ್ರಿಂಟರಿನ ಕಡೆ ವಾಲುತ್ತದೆ. ಗುಂಡಿ ಒತ್ತಿದರೆ ಬಣ್ಣದ ಹಾಳೆ ಹೊರಬರುವ ಯಂತ್ರಕ್ಕೆ ಇರುವ ಮೋಹ ಅಂಥದ್ದು. ಎ3+ ಇರಲಿ, ಎಂಟು ಬಣ್ಣ ಇರಲಿ, ಹತ್ತು ಬಣ್ಣ ಇರಲಿ. ಸ್ಕ್ಯಾನರ್ ಎಂಬ ಮಾತು ಬಂದರೆ, "ಮೊಬೈಲಿನಾಗ ಹೊಡದ್ರಾತು ಬಿಡ್ರಿ" ಎಂದು ಮುಗಿಸುತ್ತಾರೆ.

ನಾನಾದರೆ ದುಡ್ಡಿನ ಮುಕ್ಕಾಲು ಪಾಲನ್ನು ಸ್ಕ್ಯಾನಿಂಗಿಗೇ ಇಡುತ್ತೇನೆ. ಪ್ರಿಂಟರ್ ಹಣ ಕೊಟ್ಟರೆ ಎಲ್ಲಿಯಾದರೂ ಸಿಗುವ ಸೇವೆ. ನೆಗೆಟಿವ್‌ನಿಂದ ಚಿತ್ರ ಎತ್ತುವ ಕೆಲಸವನ್ನು ಇಲ್ಲಿ ಒಬ್ಬ ಸ್ಟುಡಿಯೊದವನು ಒಂಟಿಯಾಗಿ ಬಂಡವಾಳ ಹಾಕಿ ಮಾಡಲಾರ, ಹಾಕಿದರೂ ಗಿಟ್ಟುವುದಿಲ್ಲ. ಹಂಚಿಕೊಂಡು ಕೊಳ್ಳಬೇಕಾದದ್ದು ಇಂಥದ್ದನ್ನೇ. ರೋಲಿನ ಕಾಲದಲ್ಲಿ ಕ್ಯಾಮೆರಾ ಕ್ಲಬ್‌ಗಳು ಡಾರ್ಕ್‌ರೂಮನ್ನೂ ಎನ್‌ಲಾರ್ಜರನ್ನೂ ಹಂಚಿಕೊಂಡದ್ದು ಇದೇ ಲೆಕ್ಕದಲ್ಲಿ. ಮನೆಗೊಂದು ಕ್ಯಾಮೆರಾ ಸಾಧ್ಯವಿತ್ತು, ಮನೆಗೊಂದು ಕತ್ತಲೆಕೋಣೆ ಸಾಧ್ಯವಿರಲಿಲ್ಲ.

ಫೋಟೊಗ್ರಫಿಯ ಇತಿಹಾಸಕ್ಕೂ ಈ ಸೀಮೆಗೂ ಒಂದು ಹಳೆಯ ನಂಟಿದೆ. ಬ್ರಿಟಿಷ್ ಅಧಿಕಾರಿ ಫಿಲಿಪ್ ಮೆಡೋಸ್ ಟೇಲರ್ 1841ರಿಂದ 1853ರವರೆಗೆ ಸುರಪುರ ಸಂಸ್ಥಾನದಲ್ಲಿದ್ದ. ಅವನು ಕಟ್ಟಿಸಿದ ಬಂಗಲೆ, ಟೇಲರ್ ಮಂಜಿಲ್, ಈಗಲೂ ಗುಡ್ಡದ ಮೇಲಿದೆ. ವಿಭೂತಿಹಳ್ಳಿಯ ಸಾಲುಗಲ್ಲುಗಳನ್ನೂ ರಾಜನಕೋಳೂರಿನ ಕಲ್ಮನೆಗಳನ್ನೂ ಅಳೆದು, ಗೆರೆ ಎಳೆದು, ಲೋಕಕ್ಕೆ ತಿಳಿಸಿದವನು ಅವನು. ಪ್ಯಾರಿಸ್ಸಿನಲ್ಲಿ ಡಾಗೆರೊಟೈಪ್ ವಿಧಾನವನ್ನು ಬಹಿರಂಗಪಡಿಸಿದ್ದು 1839ರಲ್ಲಿ. ಟೇಲರ್ ಇಲ್ಲಿಗೆ ಬಂದಾಗ ಆ ವಿದ್ಯೆಗಿನ್ನೂ ಎರಡು ವರ್ಷ. 1850ರ ದಶಕದಲ್ಲಿ ಕರ್ನಲ್ ಬಿಗ್ಸ್, ಡಾಕ್ಟರ್ ಪಿಗೌ, ನೀಲ್ ಎಂಬವರು ವಿಜಯಪುರ, ಧಾರವಾಡ ಸೀಮೆ ಮತ್ತು ಮೈಸೂರಿನ ಗುಡಿ ಗುಮ್ಮಟಗಳನ್ನು ಕ್ಯಾಮೆರಾದಲ್ಲಿ ಹಿಡಿದರು. ಆ ಚಿತ್ರಗಳು 1866ರಲ್ಲಿ ಲಂಡನ್ನಿನಲ್ಲಿ ದೊಡ್ಡ ಪುಸ್ತಕಗಳಾಗಿ ಬಂದಾಗ ಅವಕ್ಕೆ ಚರಿತ್ರೆಯ ಭಾಗ ಬರೆದುಕೊಟ್ಟವನು ಇದೇ ಟೇಲರ್. ಕನ್ನಡ ನಾಡಿನ ಮೊದಮೊದಲ ಫೋಟೊ ಪುಸ್ತಕಗಳಲ್ಲಿ ಸುರಪುರದಿಂದ ಹೋದವನ ಕೈ ಇದೆ. ಆಮೇಲೆ 1860ರಲ್ಲಿ ಸುರಪುರ ನಿಜಾಮನ ಪಾಲಾಯಿತು, 1871ರಲ್ಲಿ ಮುಂಬೈ ಮತ್ತು ಮದ್ರಾಸಿನ ರೈಲು ಹಳಿಗಳು ರಾಯಚೂರಿನಲ್ಲಿ ಕೂಡಿದವು, ಯಾದಗಿರಿ ಆ ಹಳಿಯ ಮೇಲಿನ ಊರಾಯಿತು. ಹೈದರಾಬಾದಿನಲ್ಲಿ ರಾಜಾ ದೀನ್ ದಯಾಳ್ ಆರನೇ ನಿಜಾಮನ ಆಸ್ಥಾನ ಛಾಯಾಗ್ರಾಹಕನಾಗಿ ಹೆಸರು ಮಾಡಿದ. ಉಳ್ಳವರು ರೈಲು ಹತ್ತಿ ಹೋಗಿ ಫೋಟೊ ತೆಗೆಸಿಕೊಂಡು ಬರುವ ದಾರಿ ತೆರೆಯಿತು.

ಆದ್ದರಿಂದ ಇಲ್ಲಿನ ಮನೆಗಳ ಫೋಟೊಗಳಿಗೆ ಒಂದು ವಿಶೇಷವಿದೆ: ಹಿಂಬದಿಯನ್ನೂ ಓದಬೇಕು. ನಿಜಾಮನ ಕಾಲದ, ಅಂದರೆ 1948ಕ್ಕೆ ಮುಂಚಿನ ಫೋಟೊದ ಬೆನ್ನ ಮೇಲೆ ಉರ್ದುವಿನಲ್ಲಿ ಬರೆದ ಹೆಸರೋ, ಹೈದರಾಬಾದಿನ ಯಾವುದೋ ಸ್ಟುಡಿಯೊದ ಮೊಹರೋ ಸಿಗಬಹುದು. ಮುಂಭಾಗ ಒಂದು ಸಲ, ಹಿಂಭಾಗ ಒಂದು ಸಲ ಸ್ಕ್ಯಾನ್ ಮಾಡುವುದನ್ನು ಕ್ಲಬ್ಬು ಮೊದಲ ನಿಯಮ ಮಾಡಿಕೊಳ್ಳಲಿ. ಉರ್ದು ಓದಬಲ್ಲ ಹಿರಿಯರೊಬ್ಬರನ್ನು ಸದಸ್ಯರನ್ನಾಗಿ ಮಾಡಿಕೊಂಡರೆ ಅದು ಯಾವ ಯಂತ್ರಕ್ಕಿಂತಲೂ ಅಗ್ಗ.

ಇನ್ನು ಯಂತ್ರದ ಮಾತು. ಕ್ಯಾಟಲಾಗ್ ತೆರೆಯುವ ಮೊದಲು ಟ್ರಂಕು ತೆರೆಯಬೇಕು. ನಿಮ್ಮಲ್ಲಿ ಇರುವುದು ಯಾವ ಅಳತೆಯ ನೆಗೆಟಿವ್? ಮಹಾನಗರದವರು ಫಿಲಂ ಸ್ಕ್ಯಾನರ್ ಎಂದರೆ 35 ಎಂ.ಎಂ. ರೋಲನ್ನು ನೆನೆಯುತ್ತಾರೆ. ತಾಲ್ಲೂಕು ಊರಿನ ಸ್ಟುಡಿಯೊ ಬಹಳ ಕಾಲ ನಡೆದದ್ದು 120 ಫಿಲಂ ಮೇಲೆ: ಯಾಶಿಕಾದ ಎರಡು ಕಣ್ಣಿನ ಕ್ಯಾಮೆರಾ, ಒಂದು ರೋಲಿಗೆ 12 ಚಿತ್ರ, ಚೌಕ ನೆಗೆಟಿವ್. ಮನೆಗಳಲ್ಲಿ ಇದ್ದ ಆಗ್ಫಾ ಕ್ಲಿಕ್ 3 ಕೂಡ ಅದೇ ರೋಲಿನದು. ಊಟಿಯ ಹಿಂದೂಸ್ತಾನ್ ಫೋಟೊ ಫಿಲಂಸ್‌ನ 'ಇಂದು' ಫಿಲಂ ಹಾಕಿದವರು ಇನ್ನೂ ನಮ್ಮ ನಡುವೆ ಇದ್ದಾರೆ. ಅದಕ್ಕೂ ಹಿಂದಿನ ಸ್ಟುಡಿಯೊ ಎಂದರೆ ಮರದ ಸ್ಟ್ಯಾಂಡ್ ಕ್ಯಾಮೆರಾ, ಗಾಜಿನ ಪ್ಲೇಟು, ಹಾಫ್ ಪ್ಲೇಟ್ ಅಳತೆ, ಅಂದರೆ ಸುಮಾರು ಪೌಣೇ ಐದು ಇಂಚು ಆರೂವರೆ ಇಂಚು. ಈ ಮೂರೂ ಬಗೆಯನ್ನು ನುಂಗುವ ಯಂತ್ರ ಬೇಕು.

ಇಲ್ಲಿ ಆಯ್ಕೆ ಸಲೀಸಾಗಿ ಕಿರಿದಾಗುತ್ತದೆ. ಪ್ಲಸ್‌ಟೆಕ್ 8200ನಂಥ ಸಣ್ಣ ಫಿಲಂ ಸ್ಕ್ಯಾನರ್ 35 ಎಂ.ಎಂ.ಗೆ ಚೆನ್ನ, ಚೌಕ ನೆಗೆಟಿವ್ ಅದರೊಳಗೆ ಹೋಗುವುದೇ ಇಲ್ಲ. ಎಪ್ಸನ್ ವಿ600 ಫ್ಲ್ಯಾಟ್‌ಬೆಡ್ 35 ಎಂ.ಎಂ.ನ 12 ಚಿತ್ರ ಹಿಡಿಯುತ್ತದೆ, 120 ರೋಲಿನ ತುಂಡನ್ನೂ ಹಿಡಿಯುತ್ತದೆ, ಗಾಜಿನ ಪ್ಲೇಟಿಗೆ ಕೈಚೆಲ್ಲುತ್ತದೆ. ಅದರ ಮುಚ್ಚಳದೊಳಗಿನ ದೀಪದ ಪಟ್ಟಿ ಅಷ್ಟು ಅಗಲವಿಲ್ಲ. ಅದೇ ಕಂಪನಿಯ ವಿ850 ಒಮ್ಮೆಗೆ 35 ಎಂ.ಎಂ.ನ 18 ಚಿತ್ರ ತೆಗೆದುಕೊಳ್ಳುತ್ತದೆ, 8×10 ಇಂಚಿನವರೆಗಿನ ಪಾರದರ್ಶಕ ವಸ್ತುವನ್ನು ಪೂರ್ತಿ ಬೆಳಗುತ್ತದೆ. ಬೆಲೆ ಹೆಚ್ಚು, ನಿಜ. ಟ್ರಂಕಿನಲ್ಲಿ ಗಾಜಿನ ಪ್ಲೇಟು ಇದ್ದರೆ ಮಾತ್ರ ಆ ಬೆಲೆಗೆ ಅರ್ಥ. ಅದಕ್ಕೇ ಹೇಳಿದ್ದು, ಮೊದಲು ಟ್ರಂಕು.

ಡಬ್ಬಿಯ ಮೇಲೆ 6400 ಡಿಪಿಐ ಎಂದು ದಪ್ಪಕ್ಷರದಲ್ಲಿ ಬರೆದಿರುತ್ತಾರೆ. ಅದನ್ನು ನಂಬಿ ಹಿಗ್ಗಬೇಡಿ. ಫ್ಲ್ಯಾಟ್‌ಬೆಡ್‌ಗಳ ಮಸೂರ ನಿಜವಾಗಿ ಬಿಡಿಸಿ ಕೊಡುವ ವಿವರ ಅದರ ಅರ್ಧಕ್ಕೂ ಬಹಳ ಕೆಳಗೆ. ವಿ600 ಸುಮಾರು 1500ರ ಆಸುಪಾಸು, ವಿ850 ಸುಮಾರು 2300ರ ಆಸುಪಾಸು ಎಂದು ಪರೀಕ್ಷಿಸಿದವರು ಹೇಳುತ್ತಾರೆ. ಅದಕ್ಕಿಂತ ಮೇಲಿನ ಅಂಕಿ ಹಾಕಿದರೆ ಫೈಲು ಉಬ್ಬುತ್ತದೆ, ಚಿತ್ರ ಬೆಳೆಯುವುದಿಲ್ಲ. ಹಾಗೆಂದು ಇದು ಕಡಿಮೆಯೂ ಅಲ್ಲ. ಚೌಕ ನೆಗೆಟಿವ್‌ನ ಒಂದು ಬದಿ 56 ಮಿ.ಮೀ. ಅದನ್ನು 2400ಕ್ಕೆ ಸ್ಕ್ಯಾನ್ ಮಾಡಿದರೆ ಸುಮಾರು 5290 ಪಿಕ್ಸೆಲ್. 300 ಡಿಪಿಐನಲ್ಲಿ ಛಾಪಿಸಿದರೆ 17 ಇಂಚು ಮೀರಿದ ಚಿತ್ರ, ಗೋಡೆಗೆ ಧಾರಾಳ. 35 ಎಂ.ಎಂ. ಆದರೆ ಅದೇ ಲೆಕ್ಕದಲ್ಲಿ 11 ಇಂಚಿಗೆ ನಿಲ್ಲುತ್ತದೆ. ದೊಡ್ಡ ನೆಗೆಟಿವ್ ಬಳಸಿದ ನಮ್ಮ ಹಳೆಯ ಸ್ಟುಡಿಯೊದವರು ತಮಗೆ ತಿಳಿಯದೆಯೇ ಮೊಮ್ಮಕ್ಕಳಿಗೆ ಉಪಕಾರ ಮಾಡಿಟ್ಟಿದ್ದಾರೆ.

ಡಿಜಿಟಲ್ ಐಸ್ ಎಂಬ ಸೌಲಭ್ಯವನ್ನು ಮಾರುವವರು ಬಹಳ ಹೊಗಳುತ್ತಾರೆ: ಅತಿಗೆಂಪು ಕಿರಣ ಹಾಯಿಸಿ ಧೂಳು, ಗೀರುಗಳನ್ನು ಗುರುತಿಸಿ ಅಳಿಸುತ್ತದೆ ಎಂದು. ಬಣ್ಣದ ನೆಗೆಟಿವ್‌ಗೆ ಅದು ನಿಜಕ್ಕೂ ವರ. ಕಪ್ಪುಬಿಳುಪು ಫಿಲಂನಲ್ಲಿ ಚಿತ್ರವೇ ಬೆಳ್ಳಿಯ ಕಣ, ಬೆಳ್ಳಿ ಅತಿಗೆಂಪನ್ನು ತಡೆಯುತ್ತದೆ. ಹಾಗಾಗಿ ಯಂತ್ರಕ್ಕೆ ಧೂಳು ಯಾವುದು, ಅಜ್ಜನ ಮೀಸೆ ಯಾವುದು ಗೊತ್ತಾಗುವುದಿಲ್ಲ. ನಮ್ಮ ಟ್ರಂಕುಗಳಲ್ಲಿ ಹೆಚ್ಚಿರುವುದು ಕಪ್ಪುಬಿಳುಪೇ ಆದ್ದರಿಂದ ಈ ಸೌಲಭ್ಯಕ್ಕೆಂದು ಹೆಚ್ಚು ದುಡ್ಡು ಕೊಡುವುದು ವ್ಯರ್ಥ. ಬದಲಿಗೆ ಗಾಳಿ ಊದುವ ರಬ್ಬರ್ ಬಲ್ಬು, ಮೆತ್ತನೆಯ ಬ್ರಷ್ಷು, ಹತ್ತಿಯ ಕೈಗವಸು ಕೊಳ್ಳಿ.

ಎಲ್ಲ ಫ್ಲ್ಯಾಟ್‌ಬೆಡ್ಡೂ ಒಂದೇ ಅಲ್ಲ ಎಂಬುದು ಇನ್ನೊಂದು ಕಡೆ ಗೊತ್ತಾಗುತ್ತದೆ. ಅಗ್ಗದ, ತೆಳ್ಳಗಿನ ಸ್ಕ್ಯಾನರುಗಳಲ್ಲಿ ಇರುವುದು ಸಿಐಎಸ್ ಸಂವೇದಕ. ಗಾಜಿಗೆ ಅಂಟಿದಂತಿದ್ದರೆ ಮಾತ್ರ ಅದಕ್ಕೆ ಸ್ಪಷ್ಟವಾಗಿ ಕಾಣುತ್ತದೆ, ಒಂದು ಕೂದಲೆಳೆ ಮೇಲಿದ್ದರೂ ಮಸುಕು. ಸಿಸಿಡಿ ಇರುವ ಸ್ಕ್ಯಾನರ್ ತುಸು ಆಳವನ್ನೂ ಹಿಡಿಯುತ್ತದೆ. ಇದು ಯಾಕೆ ಮುಖ್ಯವೆಂದರೆ, ಪಡಸಾಲೆಯ ಗೋಡೆಗೆ ನೇತಾಡಿದ ಹಳೆಯ ಫೋಟೊ ಮಳೆಗಾಲದ ತೇವಕ್ಕೆ ಚೌಕಟ್ಟಿನ ಗಾಜಿಗೇ ಅಂಟಿಕೊಂಡಿರುತ್ತದೆ. ಅದನ್ನು ಬಿಡಿಸಲು ಹೋದರೆ ಮುಖವೇ ಗಾಜಿನ ಜೊತೆ ಬರುತ್ತದೆ. ಬಿಡಿಸಲೇಬಾರದು. ಗಾಜಿನ ಸಮೇತ ಸಿಸಿಡಿ ಸ್ಕ್ಯಾನರಿನ ಮೇಲೆ ಮಲಗಿಸಿ ತೆಗೆಯಬೇಕು. ಇನ್ನು ಸ್ಟುಡಿಯೊಗಳಿಗೆ ಬರುವ ದೊಡ್ಡ ಬೇಡಿಕೆ ಯಾವುದೆಂದು ಎಲ್ಲರಿಗೂ ಗೊತ್ತು. ತೀರಿಕೊಂಡವರ ಒಂದೇ ಒಂದು ಪಾಸ್‌ಪೋರ್ಟ್ ಫೋಟೊ ತಂದು, "ಇದನ್ನ ದೊಡ್ಡದು ಮಾಡಿ ಕೊಡ್ರಿ, ಫ್ರೇಮ್ ಹಾಕಸಬೇಕು" ಎನ್ನುತ್ತಾರೆ. ಈಗ ಅದನ್ನು ಮೊಬೈಲಿನಲ್ಲಿ ಹೊಡೆದು, ಆ್ಯಪಿನಲ್ಲಿ ನುಣುಪು ಮಾಡಿ, ಸತ್ತವರಿಗೆ ಯಾರದೋ ಚರ್ಮ ಹಚ್ಚಿ ಕೊಡುವುದು ರೂಢಿಯಾಗಿದೆ. 35×45 ಮಿ.ಮೀ. ಫೋಟೊವನ್ನು 1200ಕ್ಕೆ ಸ್ಕ್ಯಾನ್ ಮಾಡಿದರೆ ಸುಮಾರು ಐದೂವರೆ ಇಂಚು ಏಳು ಇಂಚಿನ ಪ್ರಾಮಾಣಿಕ ಪ್ರಿಂಟು ಬರುತ್ತದೆ. ಅದಕ್ಕಿಂತ ದೊಡ್ಡದು ಬೇಕೆನ್ನುವವರಿಗೆ ಸ್ವಲ್ಪ ಮೆದುವಾಗುತ್ತದೆ ಎಂದು ಮೊದಲೇ ಹೇಳಬೇಕು.

ಇಷ್ಟೆಲ್ಲ ಹೇಳಿದ ಮೇಲೂ ನನ್ನ ಮೊದಲ ಖರೀದಿ ಸ್ಕ್ಯಾನರ್ ಅಲ್ಲ ಎಂದರೆ ಸಿಟ್ಟಾಗಬೇಡಿ. ಕ್ಲಬ್ಬಿನಲ್ಲಿ ಮದುವೆ ಫೋಟೊಗ್ರಾಫರ್ ಇದ್ದೇ ಇರುತ್ತಾರೆ, ಅವರ ಬ್ಯಾಗಿನಲ್ಲಿ 24 ಮೆಗಾಪಿಕ್ಸೆಲ್ ಕ್ಯಾಮೆರಾ ಇದ್ದೇ ಇರುತ್ತದೆ. ಉಂಗುರ, ತಾಳಿಯ ಕ್ಲೋಸಪ್ ತೆಗೆಯಲು ಒಬ್ಬಿಬ್ಬರು ಮ್ಯಾಕ್ರೊ ಲೆನ್ಸನ್ನೂ ಇಟ್ಟುಕೊಂಡಿರುತ್ತಾರೆ. ಅದಕ್ಕೆ ಒಂದು ಕಾಪಿ ಸ್ಟ್ಯಾಂಡ್, ಬಣ್ಣ ಸರಿಯಾಗಿ ತೋರುವ ಒಂದು ಎಲ್‌ಇಡಿ ಪ್ಯಾನೆಲ್, ನೆಗೆಟಿವನ್ನು ಚಪ್ಪಟೆ ಹಿಡಿಯುವ ಚೌಕಟ್ಟು ಸೇರಿಸಿದರೆ ಸಾಕು. 35 ಎಂ.ಎಂ. ನೆಗೆಟಿವ್‌ನ ಉದ್ದದಲ್ಲಿ 6000 ಪಿಕ್ಸೆಲ್ ಸಿಗುತ್ತದೆ, ಅಷ್ಟು ನಿಜವಾದ ವಿವರ ಈ ಫ್ಲ್ಯಾಟ್‌ಬೆಡ್ಡುಗಳಿಗೆ ನಿಲುಕದು. ಚೌಕ ನೆಗೆಟಿವ್ ಆದರೆ ಬದಿಗೆ 4000 ಪಿಕ್ಸೆಲ್, 13 ಇಂಚಿನ ಪ್ರಿಂಟಿಗೆ ಸಾಕು. ಗಾಜಿನ ಪ್ಲೇಟನ್ನೂ ಹೀಗೇ ತೆಗೆಯಬಹುದು. ಸಮಯದ ಲೆಕ್ಕದಲ್ಲಂತೂ ಹೋಲಿಕೆಯೇ ಇಲ್ಲ: ಸ್ಕ್ಯಾನರ್ ಒಂದು ಪಟ್ಟಿಯನ್ನು ತೆವಳಿ ಮುಗಿಸುವಷ್ಟರಲ್ಲಿ ಕ್ಯಾಮೆರಾ ಇಡೀ ರೋಲು ಮುಗಿಸಿರುತ್ತದೆ. ಒಂದೇ ಪಥ್ಯ, ಕ್ಯಾಮೆರಾ ಮತ್ತು ಫಿಲಂ ಒಂದಕ್ಕೊಂದು ಸಮಾನಾಂತರವಾಗಿ ಇರಬೇಕು. ಫಿಲಂ ಇಡುವ ಜಾಗದಲ್ಲಿ ಸಣ್ಣ ಕನ್ನಡಿ ಇಟ್ಟು ನೋಡಿ, ಲೆನ್ಸಿನ ಪ್ರತಿಬಿಂಬ ಚಿತ್ರದ ನಟ್ಟನಡುವೆ ಬಂದರೆ ಸರಿ ಇದೆ. ಕೋಣೆಯ ಉಳಿದ ದೀಪ ಆರಿಸಿಬಿಡಿ.

ಸುರಪುರದವರಿಗೆ ಇದರಲ್ಲಿ ಇನ್ನೊಂದು ಲಾಭವಿದೆ. ಸುರಪುರ ಶೈಲಿಯ ಚಿತ್ರಕಲೆಯನ್ನು, ಆ ಸಣ್ಣ ಗೆರೆ, ಚಿನ್ನದ ಹಾಳೆಯ ಕೆಲಸವನ್ನು ದಾಖಲಿಸಬೇಕೆಂದರೆ ಫ್ಲ್ಯಾಟ್‌ಬೆಡ್ ಕೆಲಸಕ್ಕೆ ಬಾರದು. ಅದರ ದೀಪ ಒಂದೇ ಕೋನದಿಂದ ಬೀಳುತ್ತದೆ, ಚಿನ್ನ ಮಣ್ಣಿನ ಬಣ್ಣಕ್ಕೆ ತಿರುಗುತ್ತದೆ. ಮೇಲಾಗಿ ಹಳೆಯ ಚಿತ್ರವನ್ನು ಮುಖ ಕೆಳಗೆ ಮಾಡಿ ಗಾಜಿಗೆ ಒತ್ತುವುದೇ ತಪ್ಪು. ಕಾಪಿ ಸ್ಟ್ಯಾಂಡಿನಲ್ಲಿ ಎರಡು ಬದಿಯಿಂದ ದೀಪ ಹಾಕಿ, ಚಿನ್ನ ಹೊಳೆಯುವಂತೆ ಒಂದನ್ನು ಅತ್ತಿತ್ತ ಸರಿಸಿ, ಪಕ್ಕದಲ್ಲಿ ಬಣ್ಣದ ಕಾರ್ಡ್ ಇಟ್ಟು ತೆಗೆದರೆ ಮುಂದೆ ಯಾವ ಪ್ರಿಂಟರಿನಲ್ಲಿ ಛಾಪಿಸಿದರೂ ಬಣ್ಣ ಸರಿಪಡಿಸಿಕೊಳ್ಳಲು ಆಧಾರವಿರುತ್ತದೆ.

ಹಾಗಾದರೆ ಕ್ಯಾಮೆರಾ ಕಿಟ್ಟು ಮೊದಲು, ಗೋಡೆಯ ಫೋಟೊಗಳಿಗೂ ಆಲ್ಬಂಗಳಿಗೂ ಒಂದು ಸಿಸಿಡಿ ಫ್ಲ್ಯಾಟ್‌ಬೆಡ್ ಆಮೇಲೆ. ಪ್ರಿಂಟರಿಗೆ ಉಳಿದ ಪುಡಿಗಾಸು.

ಪ್ರಿಂಟರ್ ಬೇಡವೇ ಬೇಡ ಎನ್ನುವುದಿಲ್ಲ. ಆದರೆ ನಮ್ಮ ಹವೆಯನ್ನು ನೆನೆಯಿರಿ. ಏಪ್ರಿಲ್, ಮೇ ತಿಂಗಳಲ್ಲಿ ಪಾದರಸ 42, 43 ಮುಟ್ಟುವ ಜಿಲ್ಲೆ ಇದು, ಎರೆಮಣ್ಣಿನ ಧೂಳು, ಜೊತೆಗೆ ತೊಗರಿ ಕಾಲದ ಹೊಟ್ಟು. ಇಂಕ್‌ಜೆಟ್ ಪ್ರಿಂಟರ್ ದಿನಾ ಓಡುತ್ತಿದ್ದರೆ ಬದುಕುತ್ತದೆ. ಕ್ಲಬ್ಬಿನ ಪ್ರಿಂಟರ್ ಸಭೆ ಇದ್ದಾಗ ಓಡುತ್ತದೆ, ಮಿಕ್ಕ ದಿನ ಒಣಗುತ್ತದೆ. ನಾಝಲ್ ಕಟ್ಟಿಕೊಂಡರೆ ಹೆಡ್ ಕ್ಲೀನಿಂಗ್, ಅದಕ್ಕೆ ಅರ್ಧ ಇಂಕು ಖರ್ಚು. ಆ ಇಂಕೆಲ್ಲ ಹೋಗಿ ಕೂರುವ ಪ್ಯಾಡ್ ತುಂಬಿ ಒಂದು ದಿನ ಎರಡು ದೀಪ ಮಿನುಗುತ್ತವೆ, ರಿಪೇರಿಯವನಿಗಾಗಿ ಕಾಯುವುದು ಶುರು. ಹತ್ತು ಬಣ್ಣದ ಪಿಗ್ಮೆಂಟ್ ಪ್ರಿಂಟರ್ ಕೊಂಡರೆ ಪ್ರಿಂಟಿನ ಆಯುಷ್ಯ ದೊಡ್ಡದು, ಒಣಗಿದಾಗಿನ ನೋವೂ ಅಷ್ಟೇ ದೊಡ್ಡದು. ಡೈ ಇಂಕಿನ ಅಗ್ಗದ ಪ್ರಿಂಟು ಬಿಸಿಲು ಬೀಳುವ ಗೋಡೆಯ ಮೇಲೆ ಬೇಗ ಬಿಳಿಚಿಕೊಳ್ಳುತ್ತದೆ.

ಜಾತ್ರೆ, ಮದುವೆಗಳಲ್ಲಿ ಸ್ಥಳದಲ್ಲೇ ಫೋಟೊ ಕೊಡುವವರು ಬಳಸುವ ಡೈ ಸಬ್ಲಿಮೇಷನ್ ಯಂತ್ರ ಇದಕ್ಕಿಂತ ಗಟ್ಟಿ. ಅದರಲ್ಲಿ ದ್ರವದ ಇಂಕೇ ಇಲ್ಲ, ರಿಬ್ಬನ್ ಬಿಸಿಯಾಗಿ ಬಣ್ಣ ಕಾಗದಕ್ಕೆ ಇಳಿಯುತ್ತದೆ, ಮೇಲೊಂದು ಪಾರದರ್ಶಕ ಪೊರೆ. ತಿಂಗಳುಗಟ್ಟಲೆ ಬಿಟ್ಟರೂ ಒಣಗುವುದಿಲ್ಲ, ಒಂದು ರೋಲಿಗೆ ಇಂತಿಷ್ಟು ಪ್ರಿಂಟು ಎಂಬ ಲೆಕ್ಕ ಪಕ್ಕಾ ಆದ್ದರಿಂದ ಖಜಾಂಚಿಗೂ ತಲೆನೋವಿಲ್ಲ. ಸಾಮಾನ್ಯ ಯಂತ್ರ 6×8 ಇಂಚಿಗೆ ನಿಲ್ಲುತ್ತದೆ, ಕರಿ ಬಣ್ಣದ ರಿಬ್ಬನ್ ಇಲ್ಲದ್ದರಿಂದ ಕಪ್ಪುಬಿಳುಪಿಗೆ ಒಮ್ಮೊಮ್ಮೆ ನಸು ಬಣ್ಣ ಹತ್ತುತ್ತದೆ. ಫೋಟೊ ಕೊಟ್ಟ ಮನೆಯವರಿಗೆ ಕೈಗೊಂದು ಪ್ರಿಂಟು ಇಡಲು ಇಷ್ಟು ಸಾಕು. ಪ್ರದರ್ಶನಕ್ಕೆ 12×18 ಬೇಕಾದರೆ ಫೈಲನ್ನು ಲ್ಯಾಬಿಗೆ ಕಳಿಸಿ. ಅವರು ಬೆಳ್ಳಿಯ ಕಾಗದದ ಮೇಲೆ ಲೇಸರಿನಿಂದ ಮೂಡಿಸುವ ಪ್ರಿಂಟಿನ ಮುಂದೆ ಕ್ಲಬ್ಬಿನ ಪ್ರಿಂಟರ್ ನಿಲ್ಲುವುದು ಕಷ್ಟ. 1971ರಿಂದ ನಡೆದುಬಂದ ಬೆಂಗಳೂರಿನ ಯೂತ್ ಫೋಟೊಗ್ರಾಫಿಕ್ ಸೊಸೈಟಿಯಂಥ ಹಳೆಯ ಕ್ಲಬ್ಬುಗಳ ಸ್ಪರ್ಧೆಗಳಿಗೂ ಈಗ ಬಹುಪಾಲು ಕಳಿಸುವುದು ಫೈಲನ್ನೇ.

ಹಂಚಿಕೊಂಡ ಯಂತ್ರ ಹಾಳಾಗುವುದು ಬಳಕೆಯಿಂದಲ್ಲ, ಯಾರದೂ ಅಲ್ಲದ ಕಾರಣಕ್ಕೆ. ಸಂಘವನ್ನು ನೋಂದಾಯಿಸಿ. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಗೆ ಏಳು ಜನ ಸಾಕು. ಬಿಲ್ಲು, ವಾರಂಟಿ ಸಂಘದ ಹೆಸರಿಗೇ ಇರಲಿ. ಯಂತ್ರವನ್ನು ಒಬ್ಬರ ಸುಪರ್ದಿಗೆ ಕೊಡಿ, ಸರದಿಗೆ ಬಿಡಬೇಡಿ. ಯುಪಿಎಸ್ ಇಲ್ಲದೆ ಸ್ಕ್ಯಾನರ್ ಹಚ್ಚಬೇಡಿ, ಅರ್ಧ ಸ್ಕ್ಯಾನಿನಲ್ಲಿ ಕರೆಂಟು ಹೋಗುವ ಸುಖ ನಮಗೆಲ್ಲ ಪರಿಚಯ.

ಫೈಲುಗಳ ಗತಿ? 2400ಕ್ಕೆ ಸ್ಕ್ಯಾನ್ ಮಾಡಿದ 16 ಬಿಟ್ಟಿನ ಕಪ್ಪುಬಿಳುಪು ಟಿಫ್ ಆದರೆ ಒಂದು ಚೌಕ ನೆಗೆಟಿವ್‌ಗೆ ಸುಮಾರು 56 ಎಂಬಿ. ಮೂರು ಸಾವಿರ ನೆಗೆಟಿವ್ ಮುಗಿಸಿದರೂ 170 ಜಿಬಿ ಒಳಗೆ. ಒಂದು ಟಿಬಿಯ ಹಾರ್ಡ್ ಡಿಸ್ಕ್ ಮೂರು ಕೊಂಡು ಯಾದಗಿರಿಗೊಂದು, ಶಹಾಪುರಕ್ಕೊಂದು, ಸುರಪುರಕ್ಕೊಂದು ಇಡಿ. ಒಂದೂರಿನಲ್ಲಿ ಭೀಮೆ ಉಕ್ಕಿದರೂ, ಸಿಡಿಲು ಹೊಡೆದರೂ ಇನ್ನೆರಡು ಉಳಿಯುತ್ತವೆ. ಮೂರು ಊರು ಕೂಡಿ ಕ್ಲಬ್ ಮಾಡಿದ್ದಕ್ಕೆ ಇದಕ್ಕಿಂತ ದೊಡ್ಡ ಲಾಭವಿಲ್ಲ. ಫೈಲಿನ ಜೊತೆ ಹೆಸರು, ಊರು, ಅಂದಾಜು ವರ್ಷ, ಫೋಟೊ ಕೊಟ್ಟವರು ಯಾರು ಎಂಬುದನ್ನು ಕನ್ನಡದಲ್ಲೇ ಬರೆದಿಡಿ. ನಾರಾಯಣಪುರದ ಕಾಲುವೆ ನೀರು ಬರುವ ಮುಂಚಿನ ಹೊಲ, ಗೋಕುಲಾಷ್ಟಮಿ ಹೊತ್ತಿಗೆ ಸುರಪುರದಲ್ಲಿ ಕಂಬ ಹತ್ತಿದವರ ಮುಖ, ಇವೆಲ್ಲ ಹೆಸರಿಲ್ಲದಿದ್ದರೆ ಬರೀ ಚಿತ್ರ.

ಹಕ್ಕಿನ ಮಾತೂ ಇದೆ. ಕಾಯ್ದೆಯ ಪ್ರಕಾರ, ಬೇರೆ ಕರಾರು ಇಲ್ಲದಿದ್ದರೆ, ದುಡ್ಡು ಕೊಟ್ಟು ತೆಗೆಸಿಕೊಂಡ ಫೋಟೊದ ಮೊದಲ ಹಕ್ಕು ತೆಗೆಸಿಕೊಂಡವರದು. ನೆಗೆಟಿವ್ ಸ್ಟುಡಿಯೊದ ಕಪಾಟಿನಲ್ಲಿದ್ದ ಮಾತ್ರಕ್ಕೆ ಯಾರದೋ ಮನೆಯ ಹೆಣ್ಣುಮಕ್ಕಳ ಚಿತ್ರವನ್ನು ಪ್ರದರ್ಶನಕ್ಕೆ ತೂಗುಹಾಕಬಾರದು. ಕೇಳಿ, ಸಹಿ ಹಾಕಿಸಿಕೊಂಡು ಮಾಡಿ. ಬ್ರಿಟಿಷ್ ಲೈಬ್ರರಿಯ ನೆರವಿನಲ್ಲಿ ಪುದುಚೇರಿಯ ಫ್ರೆಂಚ್ ಸಂಸ್ಥೆಯವರು ತಮಿಳುನಾಡಿನ ಹಳೆಯ ಸ್ಟುಡಿಯೊಗಳ ಚಿತ್ರಗಳನ್ನು ಡಿಜಿಟಲ್ ಮಾಡಿದರು. ಆ ನೆರವಿನ ಯೋಜನೆಗೆ ಒಂದು ಕಟ್ಟಳೆ ಇದೆ: ಮೂಲ ವಸ್ತು ಅದು ಹುಟ್ಟಿದ ದೇಶ ಬಿಟ್ಟು ಹೋಗಕೂಡದು. ನಾವು ಅದನ್ನು ಇನ್ನೂ ಬಿಗಿ ಮಾಡಿ, ಮೂಲ ನೆಗೆಟಿವ್ ಮನೆ ಬಿಟ್ಟು ಹೋಗಕೂಡದು ಎನ್ನಬಹುದು. ಕಾಪಿ ಸ್ಟ್ಯಾಂಡ್ ಕಿಟ್ಟು ಒಂದು ಬ್ಯಾಗಿನಲ್ಲಿ ಬಸ್ಸು ಹತ್ತುತ್ತದೆ, ಮನೆಯ ಪಡಸಾಲೆಯಲ್ಲೇ ಕೂತು ಕೆಲಸ ಮುಗಿಸಬಹುದು.

ಫ್ಲ್ಯಾಟ್‌ಬೆಡ್ ಹಾಗೆ ಓಡಾಡುವ ವಸ್ತುವಲ್ಲ, ಅದಕ್ಕೊಂದು ನೆಲೆ ಬೇಕು. ಜಿಲ್ಲಾ ಕೇಂದ್ರ, ರೈಲಿನ ಊರು ಎಂದು ಯಾದಗಿರಿಯವರು ತಮ್ಮ ಕಡೆ ಎಳೆಯುತ್ತಾರೆ. ಚರಿತ್ರೆ, ಚಿತ್ರಕಲೆ ಎಲ್ಲ ನಮ್ಮಲ್ಲೇ ಎಂದು ಸುರಪುರದವರು. ನನ್ನ ಮತ ಶಹಾಪುರಕ್ಕೆ. ಎರಡೂ ಕಡೆಯ ಬಸ್ಸುಗಳು ಅಲ್ಲಿಗೆ ಮುಟ್ಟುತ್ತವೆ, ಯಾರಿಗೂ ದಿನ ಹಾಳಾಗುವುದಿಲ್ಲ. ಕೆಲಸ ಶುರು ಮಾಡುವಾಗ ಒಳ್ಳೆಯ ಚಿತ್ರ ಯಾವುದೆಂದು ಹುಡುಕುತ್ತ ಕೂರಬೇಡಿ, ಮೊದಲು ಮೂಗಿಗೆ ಕೆಲಸ ಕೊಡಿ. ಡಬ್ಬಿ ತೆರೆದಾಗ ವಿನೆಗರಿನ ಹುಳಿ ವಾಸನೆ ಬಂದರೆ ಆ ಫಿಲಂನ ಅಸಿಟೇಟ್ ಕೊಳೆಯಲು ಶುರುವಾಗಿದೆ, ಸೆಕೆ ಹೆಚ್ಚಿದಷ್ಟೂ ಅದು ಬೇಗ ಮುರುಟುತ್ತದೆ, ಪಕ್ಕದ ರೋಲಿಗೂ ಹಬ್ಬುತ್ತದೆ. ಅಂಥವನ್ನು ಬೇರೆ ಮಾಡಿ, ಹೋಳಿಯೊಳಗೆ ಅವಷ್ಟನ್ನು ಮುಗಿಸಿ. ಮದುವೆ ಆಲ್ಬಂಗಳ ಸರದಿ ಮಳೆಗಾಲಕ್ಕಾದರೂ ನಡೆಯುತ್ತದೆ.